ರಾಣಿ ಕಾಲದ ಹಳ್ಳಿ ಅಂಗಡಿಯ ಸಂಸಾರ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ (1837–1901) ಇಂದಿನ ಬೆಂಗಳೂರಿನ ದೀಪಾಂಜಲಿ ನಗರದ ಸುತ್ತ ಇದ್ದದ್ದು ಹೊಲ, ತೋಪು ಮತ್ತು ನಾಯಂಡಹಳ್ಳಿ, ಬ್ಯಾಟರಾಯನಪುರ, ಅತ್ತಿಗುಪ್ಪೆಯಂಥ ಹಳ್ಳಿಗಳು. ಬೆಂಗಳೂರು ಪೇಟೆಯಿಂದ ಕೆಂಗೇರಿ ಮೇಲೆ ಮೈಸೂರಿಗೆ ಹೋಗುವ ಗಾಡಿಗಳು ಈ ಹಳ್ಳಿಗಳ ಬಳಿಯೇ ಸಾಗುತ್ತಿದ್ದವು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಂಗಡಿ ಇಟ್ಟವರು ಹೆಚ್ಚಾಗಿ ಕೋಮಟಿಗರು, ಬಣಜಿಗರು. ಅವರಿಗೆ ಅಂಗಡಿ ಬೇರೆ, ಮನೆ ಬೇರೆ ಆಗಿರಲಿಲ್ಲ.

ಬೀದಿಗೆ ಮುಖ ಮಾಡಿದ ಜಗಲಿಯೇ ಅಂಗಡಿ. ಅದರ ಹಿಂದೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಉಪ್ಪು, ಒಣಮೆಣಸಿನಕಾಯಿ, ಹುಣಿಸೆಹಣ್ಣು, ಬೆಲ್ಲ, ಎಲೆಅಡಿಕೆ, ಹೊಗೆಸೊಪ್ಪು, ಹರಳೆಣ್ಣೆ ಮುಖ್ಯ ಸರಕು. ಪೇಟೆಯಿಂದಲೂ ವಾರದ ಸಂತೆಯಿಂದಲೂ ಇವು ಗಾಡಿಯಲ್ಲೋ ಹೇರೆತ್ತಿನ ಮೇಲೋ ಬರುತ್ತಿದ್ದವು. ಚಟಾಕು, ಪಾವು, ಸೇರು, ಕೊಳಗಗಳೇ ಅಳತೆ. ಎಷ್ಟೋ ಮಂದಿ ದುಡ್ಡಿನ ಬದಲು ರಾಗಿಯನ್ನೋ ಹುರುಳಿಯನ್ನೋ ಸೆರಗಿನಲ್ಲಿ ತಂದು ಅಳೆದುಕೊಟ್ಟು ಉಪ್ಪು, ಎಣ್ಣೆ ಒಯ್ಯುತ್ತಿದ್ದರು.

ಉಳಿದದ್ದು ಉದ್ರಿ. ಅದರ ಲೆಕ್ಕ ಕಡತದಲ್ಲಿ ಸೇರುತ್ತಿತ್ತು. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧ. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದದ್ದನ್ನು ಸಾಲ ತೀರಿದ ಮೇಲೆ ಒರೆಸಿ, ಮತ್ತೆ ಬರೆಯಬಹುದಿತ್ತು. ಕಂದಾಯವನ್ನು ನಗದಾಗಿ ಕಟ್ಟಬೇಕಾಗಿದ್ದ ರೈತನಿಗೆ ಕಂತಿನ ಹೊತ್ತಿಗೆ ಕೈಸಾಲ ಕೊಡುವವನೂ ಅಂಗಡಿಯವನೇ. ಸುಗ್ಗಿಯಲ್ಲಿ ಸಾಲ, ಬಡ್ಡಿ ಎರಡೂ ಧಾನ್ಯವಾಗಿ ಮನೆ ಸೇರುತ್ತಿದ್ದವು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಕೂಡು ಕುಟುಂಬದ ಪ್ರತಿಯೊಬ್ಬರಿಗೂ ಕೆಲಸವಿತ್ತು. ಯಜಮಾನ ಗಲ್ಲಾಪೆಟ್ಟಿಗೆಯ ಬಳಿ ಕೂತರೆ ತಮ್ಮಂದಿರು ಸಂತೆ ಸುತ್ತುತ್ತಿದ್ದರು. ಹೆಂಗಸರು ಕಾಳು ಕೇರಿ, ಬೇಳೆ ಒಡೆದು, ಹುಣಿಸೆಹಣ್ಣಿನ ಬೀಜ ತೆಗೆದು ಸರಕು ಹಸನು ಮಾಡುತ್ತಿದ್ದರು. ಮನೆಯ ಬೀಸುವುದು, ಕುಟ್ಟುವುದು ಅದರ ಮೇಲೆ. ಗಂಡುಮಕ್ಕಳು ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ ಅಂಗಡಿಗೆ ಇಳಿಯುತ್ತಿದ್ದರು. ಹೆಣ್ಣುಮಕ್ಕಳ ಮದುವೆ ಎಳೆವಯಸ್ಸಿನಲ್ಲೇ ನಡೆಯುತ್ತಿತ್ತು. ಎಂಟು ತುಂಬದ ಹುಡುಗಿಯರ ಮದುವೆಯನ್ನು ಮೈಸೂರು ಸರ್ಕಾರ ನಿಷೇಧಿಸಿದ್ದು 1894ರಲ್ಲಿ.

ಈ ಬದುಕನ್ನು ಅಲುಗಿಸಿದ್ದು 1876–78ರ ಮಹಾ ಬರಗಾಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಗೇವು ತುಂಬಿದ್ದವರಿಗೆ ಬೆಲೆಯೇರಿಕೆಯಿಂದ ಲಾಭವಾಯಿತು. ಉದ್ರಿಯನ್ನೇ ನಂಬಿದ್ದ ಸಣ್ಣ ಅಂಗಡಿಗಳಿಗೆ ಸಾಲ ತೀರಿಸುವವರೇ ಇಲ್ಲವಾದರು. ಬರಗಾಲದ ಕಾಮಗಾರಿಯಾಗಿ ಹಾಕಿಸಿದ ಬೆಂಗಳೂರು–ಮೈಸೂರು ರೈಲುಹಾದಿ 1882ರಲ್ಲಿ ಮೈಸೂರು ಮುಟ್ಟಿತು. ಸೀಮೆಎಣ್ಣೆ, ಬೆಂಕಿಪೊಟ್ಟಣ, ಗಿರಣಿ ಬಟ್ಟೆ ಬರಬರುತ್ತಾ ಹಳ್ಳಿಯ ಅಂಗಡಿಗೂ ಬಂದವು.

ಕಡತದಲ್ಲಿ ಊರವರ ಸಾಲವೆಲ್ಲ ದಾಖಲಾಯಿತು, ಮನೆಯ ಹೆಂಗಸರ ದುಡಿಮೆಗೆ ಮಾತ್ರ ಅಲ್ಲಿ ಒಂದು ಸಾಲೂ ಸಿಗಲಿಲ್ಲ. ಆದರೂ ಆ ಕಾಲದ ಹಳ್ಳಿಗಳ ಊಟ, ಬೆಲೆ, ಸಾಲಸೋಲ ತಿಳಿಯಲು ಕಡತಗಳೂ ಒಂದು ಆಧಾರ. ಹಳೆಯ ಮನೆಗಳ ಅಟ್ಟದಲ್ಲಿ ಕಡತವೋ ಸೇರು–ಪಾವೋ ಉಳಿದಿದ್ದರೆ ಗುಜರಿಗೆ ಹಾಕದೆ ಪತ್ರಾಗಾರಕ್ಕೋ ವಸ್ತುಸಂಗ್ರಹಾಲಯಕ್ಕೋ ಒಪ್ಪಿಸಬೇಕು.