ರ‍್ಯಾನ್ಸಮ್‌ವೇರ್ ದಾಳಿಗೆ ಒಳಗಾದ ಗಣಕಯಂತ್ರದ ಶುದ್ಧೀಕರಣ ಹಾಗೂ ಕಡತಗಳ ಮರುಪಡೆಯುವಿಕೆ: ಗ್ರಾಮ ಪಂಚಾಯತ್ ಸಿಬ್ಬಂದಿಗೆ ವಿವರಣೆ

ಗಣಕಯಂತ್ರದಲ್ಲಿರುವ ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಅವುಗಳನ್ನು ಮತ್ತೆ ತೆರೆಯಲು ಹಣ ಕೇಳುವ ದುರುದ್ದೇಶದ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಇದು ಕಡತವನ್ನು ಕದ್ದೊಯ್ಯುವ ಕಳ್ಳನಿಗಿಂತ, ಮನೆಯ ಬೀರುವಿಗೆ ತನ್ನ ಬೀಗ ಜಡಿದು ಕೀಲಿಕೈಗೆ ಬೆಲೆ ಕೇಳುವ ಸುಲಿಗೆಕೋರನನ್ನು ಹೆಚ್ಚು ಹೋಲುತ್ತದೆ. ಆಳಂದ ತಾಲ್ಲೂಕಿನ ಜಿಡಗಾದಂತಹ ಊರಿನ ಸಾರ್ವಜನಿಕ ಕಚೇರಿಗಳ ಕೆಲಸವೆಲ್ಲ ಸಾಮಾನ್ಯವಾಗಿ ಒಂದೆರಡು ಗಣಕಯಂತ್ರಗಳನ್ನೇ ಅವಲಂಬಿಸಿರುತ್ತದೆ. ಅವು ನಿಂತರೆ ಕಚೇರಿಯೇ ನಿಂತಂತೆ. ಆದುದರಿಂದ ದಾಳಿ ನಡೆದಾಗ ಮಾಡಬೇಕಾದುದನ್ನೂ ಮಾಡಬಾರದುದನ್ನೂ ಸಿಬ್ಬಂದಿಯು ಮೊದಲೇ ತಿಳಿದಿರುವುದು ಅವಶ್ಯಕ.

ಇದು ದೊಡ್ಡ ನಗರಗಳಿಗಷ್ಟೇ ಸಂಬಂಧಿಸಿದ ವಿಷಯವೇ?

ಅಲ್ಲ. 2017ರ ಮೇ 12ರಂದು ಆರಂಭವಾದ ವಾನ್ನಾಕ್ರೈ ದಾಳಿಯು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ತಟ್ಟಿತು. ಅದೇ ವಾರ ನೆರೆಯ ಕೇರಳದಲ್ಲಿ ವಯನಾಡು ಜಿಲ್ಲೆಯ ತರಿಯೋಡು ಮತ್ತು ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಗ್ರಾಮ ಪಂಚಾಯತ್ ಕಚೇರಿಗಳ ಗಣಕಯಂತ್ರಗಳೂ ಅದಕ್ಕೆ ಸಿಲುಕಿದವು. ಪರದೆಯ ಮೇಲೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವ ಸೂಚನೆ ಮೂಡಿತು. ಮೂರು ದಿನ ಕಳೆದರೆ ಮೊತ್ತ ದ್ವಿಗುಣವಾಗುವುದೆಂದೂ ಏಳು ದಿನಗಳ ನಂತರ ಕಡತಗಳು ಸಿಗಲಾರವೆಂದೂ ಆ ತಂತ್ರಾಂಶವು ಬೆದರಿಸುತ್ತಿತ್ತು. ಅದು ನುಗ್ಗಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ, ಅಂದರೆ ಆ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು. ಆ ಅಪ್‌ಡೇಟ್ ಹಾಕಿಕೊಂಡಿದ್ದ ಯಂತ್ರಗಳಿಗೆ ಆ ದೋಷದ ಮೂಲಕ ನುಗ್ಗಲು ವಾನ್ನಾಕ್ರೈಗೆ ಸಾಧ್ಯವಾಗಲಿಲ್ಲ.

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಐದು ಸರ್ವರ್‌ಗಳು ಇಂತಹುದೇ ದಾಳಿಗೆ ಒಳಗಾದವು. ಹಲವು ದಿನ ರೋಗಿಗಳ ನೋಂದಣಿಯನ್ನು ಕಾಗದದಲ್ಲಿಯೇ ಮಾಡಬೇಕಾಯಿತು. ಆದರೆ ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್ ಉಳಿದಿದ್ದುದರಿಂದ ಇ-ಆಸ್ಪತ್ರೆಯ ದತ್ತಾಂಶವನ್ನು ಅದರಿಂದ ಮರಳಿ ಪಡೆಯಲಾಯಿತು. 2024ರ ಜುಲೈ ಕೊನೆಯಲ್ಲಿ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ನೀಡುವ ಸಂಸ್ಥೆಯೊಂದರ ಮೇಲೆ ದಾಳಿ ನಡೆದು, ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ಸ್ಥಗಿತಗೊಂಡಿತು. ಅಪ್‌ಡೇಟ್ ಮತ್ತು ಪ್ರತ್ಯೇಕವಾಗಿಟ್ಟ ಪ್ರತಿ, ಇವೆರಡರ ಮಹತ್ವವನ್ನು ಈ ಘಟನೆಗಳು ತೋರಿಸುತ್ತವೆ.

ಗುರುತಿಸುವುದು ಹೇಗೆ?

ಕಡತಗಳ ಹೆಸರಿನ ಕೊನೆಗೆ ಅಪರಿಚಿತ ಅಕ್ಷರಗಳು ಸೇರಿರುವುದು, ವರ್ಡ್ ಮತ್ತು ಎಕ್ಸೆಲ್ ಕಡತಗಳು ಏಕಕಾಲಕ್ಕೆ ತೆರೆಯದಿರುವುದು, ಪ್ರತಿಯೊಂದು ಫೋಲ್ಡರ್‌ನಲ್ಲಿಯೂ ಹಣ ಕೇಳುವ ಒಂದೇ ಬಗೆಯ ಪಠ್ಯ ಕಡತ ಕಾಣಿಸಿಕೊಳ್ಳುವುದು, ಇವು ಮುಖ್ಯ ಲಕ್ಷಣಗಳು.

ಒಂದು ತಪ್ಪು ಗ್ರಹಿಕೆಯನ್ನು ಇಲ್ಲಿಯೇ ನಿವಾರಿಸಿಕೊಳ್ಳುವುದು ಸೂಕ್ತ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಇದು ದಾಳಿಯಲ್ಲ, ಫಾಂಟ್ ಅಳವಡಿಸಿದರೆ ಪತ್ರ ಸರಿಹೋಗುತ್ತದೆ. ಕಡತ ತೆರೆದು ಅಕ್ಷರ ಮಾತ್ರ ಬದಲಾಗಿದ್ದರೆ ಫಾಂಟ್ ದೋಷ. ಕಡತವೇ ತೆರೆಯದೆ ಹೆಸರಿನ ಬಾಲವೂ ಬದಲಾಗಿದ್ದರೆ ದಾಳಿಯೆಂದು ಭಾವಿಸತಕ್ಕದ್ದು.

ಮೊದಲ ಒಂದು ಗಂಟೆಯ ಕ್ರಮಗಳು

ಮೊದಲನೆಯದಾಗಿ, ಇಂಟರ್ನೆಟ್ ಕೇಬಲನ್ನು ಕಿತ್ತು ವೈಫೈ ಸ್ಥಗಿತಗೊಳಿಸತಕ್ಕದ್ದು. ಒಂದೇ ಜಾಲದಲ್ಲಿರುವ ಇತರ ಗಣಕಯಂತ್ರಗಳಿಗೆ ದಾಳಿ ಹರಡುವುದನ್ನು ಇದು ತಡೆಯುತ್ತದೆ. ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಹಾಗೂ ಡಿಜಿಟಲ್ ಸಹಿಯ ಟೋಕನ್‌ಗಳನ್ನು ಕೂಡಲೇ ತೆಗೆಯತಕ್ಕದ್ದು.

ಎರಡನೆಯದಾಗಿ, ಜಾಲದಿಂದ ಬೇರ್ಪಡಿಸಿದ ಗಣಕಯಂತ್ರವನ್ನು ಅವಸರದಿಂದ ಆಫ್ ಮಾಡಬಾರದು, ರೀಸ್ಟಾರ್ಟ್ ಮಾಡಬಾರದು. ಇದಕ್ಕೆ ಕಾರಣವಿದೆ. ಕೆಲವು ರ‍್ಯಾನ್ಸಮ್‌ವೇರ್‌ಗಳು ಬೀಗ ಹಾಕಲು ಬಳಸಿದ ಕೀಲಿಯ ಅಂಶಗಳು ಯಂತ್ರದ ತಾತ್ಕಾಲಿಕ ಸ್ಮರಣೆಯಲ್ಲಿ ಉಳಿದಿರುತ್ತವೆ. ವಾನ್ನಾಕ್ರೈ ಪ್ರಕರಣದಲ್ಲಿ ಫ್ರಾನ್ಸಿನ ಸಂಶೋಧಕರಾದ ಏಡ್ರಿಯನ್ ಗಿನೆ ಮತ್ತು ಬೆಂಜಮಿನ್ ಡೆಲ್ಪಿ ಸಿದ್ಧಪಡಿಸಿದ ಉಪಕರಣಗಳು ವಿಂಡೋಸ್‌ನ ಕೆಲವು ಹಳೆಯ ಆವೃತ್ತಿಗಳಲ್ಲಿ ಸ್ಮರಣೆಯಿಂದಲೇ ಕೀಲಿಯನ್ನು ಹೊರತೆಗೆದವು. ಆದರೆ ಯಂತ್ರವನ್ನು ಒಮ್ಮೆ ಆಫ್ ಮಾಡಿದ್ದರೆ ಆ ಅವಕಾಶ ಇಲ್ಲವಾಗುತ್ತಿತ್ತು. ವಿದ್ಯುತ್ ಕಡಿತವಾಗಿ ಯುಪಿಎಸ್ ಬ್ಯಾಟರಿ ಮುಗಿಯುವ ಹಂತಕ್ಕೆ ಬಂದಿದ್ದರೆ ಶಟ್‌ಡೌನ್ ಬದಲು ಹೈಬರ್ನೇಟ್ ಆಯ್ಕೆಯನ್ನು ಬಳಸುವುದು ಮೇಲು. ಅದು ಸ್ಮರಣೆಯಲ್ಲಿರುವುದನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಜಾಲದಿಂದ ಬೇರ್ಪಡಿಸಲು ಸಾಧ್ಯವೇ ಆಗದಿದ್ದಾಗ, ಇಲ್ಲವೇ ಕಣ್ಣೆದುರೇ ಕಡತಗಳು ಒಂದೊಂದಾಗಿ ಬದಲಾಗುತ್ತಿರುವಾಗ ಮಾತ್ರ ಯಂತ್ರವನ್ನು ಆಫ್ ಮಾಡಬಹುದು.

ಮೂರನೆಯದಾಗಿ, ಪರದೆಯ ಮೇಲಿನ ಸೂಚನೆ, ಅದರಲ್ಲಿರುವ ಗುರುತಿನ ಸಂಖ್ಯೆ, ಬದಲಾದ ಕಡತದ ಹೆಸರು ಹಾಗೂ ಸಮಯ, ಇವುಗಳ ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಮಾಹಿತಿ ನೀಡತಕ್ಕದ್ದು. ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಯನ್ನು ತಿಳಿದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ವಿಧಿಸುತ್ತದೆ. ಆದುದರಿಂದ ಮಾಹಿತಿಯನ್ನು ಮರುದಿನಕ್ಕೆ ಮುಂದೂಡುವಂತಿಲ್ಲ. ಹಣ ಕಳೆದುಹೋಗಿದ್ದರೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕೂಡಲೇ ಕರೆ ಮಾಡತಕ್ಕದ್ದು.

ಶುದ್ಧೀಕರಣ ಬೇರೆ, ಮರುಪಡೆಯುವಿಕೆ ಬೇರೆ

ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಹೆಚ್ಚಿನ ನಷ್ಟವಾಗುತ್ತದೆ. ಆಂಟಿವೈರಸ್ ಹಾಕಿ ದುಷ್ಟ ತಂತ್ರಾಂಶವನ್ನು ಅಳಿಸಿದರೆ ಬೀಗ ಹಾಕಿದವನು ಹೊರಹೋಗುತ್ತಾನೆ. ಬೀಗ ಹಾಗೆಯೇ ಉಳಿಯುತ್ತದೆ. ಇನ್ನೊಂದೆಡೆ, ಶುದ್ಧೀಕರಿಸದ ಯಂತ್ರಕ್ಕೆ ಬ್ಯಾಕಪ್ ಜೋಡಿಸಿದರೆ ಆ ಬ್ಯಾಕಪ್ ಕೂಡ ಗೂಢಲಿಪಿಯಾಗುತ್ತದೆ. ಆದುದರಿಂದ ಮೊದಲು ಪ್ರತಿ, ನಂತರ ಶುದ್ಧೀಕರಣ, ಕೊನೆಗೆ ಮರುಪಡೆಯುವಿಕೆ ಎಂಬ ಕ್ರಮವನ್ನು ಪಾಲಿಸಬೇಕು.

ಬೀಗ ಬಿದ್ದ ಕಡತಗಳನ್ನೂ ಹಣ ಕೇಳುವ ಪಠ್ಯ ಕಡತವನ್ನೂ ತಂತ್ರಜ್ಞರ ನೆರವಿನಿಂದ ಖಾಲಿ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳತಕ್ಕದ್ದು. ಸಾಧ್ಯವಾದರೆ ಹಳೆಯ ಡಿಸ್ಕನ್ನೇ ತೆಗೆದಿಟ್ಟು ಹೊಸದನ್ನು ಹಾಕುವುದು ಉತ್ತಮ. ನಂತರ ಡಿಸ್ಕನ್ನು ಸಂಪೂರ್ಣ ಫಾರ್ಮ್ಯಾಟ್ ಮಾಡಿ, ಪರವಾನಗಿ ಹೊಂದಿದ ವಿಂಡೋಸನ್ನು ಹೊಸದಾಗಿ ಅಳವಡಿಸಿ, ಎಲ್ಲ ಅಪ್‌ಡೇಟ್‌ಗಳನ್ನು ಪಡೆಯುವುದು ಅತ್ಯಂತ ವಿಶ್ವಾಸಾರ್ಹ ವಿಧಾನ. ಫಾರ್ಮ್ಯಾಟ್ ಸಾಧ್ಯವಿಲ್ಲದಿದ್ದಲ್ಲಿ ವಿಂಡೋಸ್ ಡಿಫೆಂಡರ್‌ನ ಆಫ್‌ಲೈನ್ ತಪಾಸಣೆಯನ್ನು ನಡೆಸಬಹುದು. ಅದು ವಿಂಡೋಸ್ ಪೂರ್ಣವಾಗಿ ಆರಂಭವಾಗುವ ಮೊದಲೇ ಡಿಸ್ಕನ್ನು ಶೋಧಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಉಚಿತ ಶುದ್ಧೀಕರಣ ಉಪಕರಣಗಳನ್ನು ಒದಗಿಸುತ್ತದೆ.

ಹಲವು ರ‍್ಯಾನ್ಸಮ್‌ವೇರ್‌ಗಳು ತಮ್ಮ ಜೊತೆಗೆ ಗುಪ್ತಪದ ಕದಿಯುವ ತಂತ್ರಾಂಶವನ್ನೂ ತರುತ್ತವೆ. ಆದುದರಿಂದ ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮ ಸ್ವರಾಜ್, ನರೇಗಾ ಹಾಗೂ ಕಚೇರಿಯ ಇ-ಮೇಲ್ ಖಾತೆಗಳ ಗುಪ್ತಪದಗಳನ್ನೂ ಡಿಜಿಟಲ್ ಸಹಿಯ ಪಿನ್ ಸಂಖ್ಯೆಯನ್ನೂ ಬೇರೊಂದು ಸುರಕ್ಷಿತ ಗಣಕಯಂತ್ರದಿಂದ ಬದಲಾಯಿಸತಕ್ಕದ್ದು. ಕಡತ ಕಳೆದುಕೊಳ್ಳುವುದಕ್ಕಿಂತ ಪಂಚಾಯತ್ ಖಾತೆಯ ಪಾವತಿಯ ಅಧಿಕಾರ ಪರರ ಪಾಲಾಗುವುದು ಹೆಚ್ಚು ಅಪಾಯಕಾರಿ.

ಕಡತಗಳು ಮರಳಿ ಸಿಗುವ ದಾರಿಗಳು

ಕಳೆದುಹೋದುದೇನು ಎಂದು ಮೊದಲು ಪಟ್ಟಿ ಮಾಡುವುದು ಅವಶ್ಯಕ. ನಮೂನೆ 9 ಮತ್ತು 11ಬಿ, ನರೇಗಾ ಹಾಜರಾತಿ, ಪಾವತಿಯ ವಿವರಗಳು ಕಚೇರಿಯ ಯಂತ್ರದಲ್ಲಿರದೆ ಸರ್ಕಾರದ ಸರ್ವರ್‌ಗಳಲ್ಲಿ ಇರುತ್ತವೆ. ಗುಪ್ತಪದಗಳು ಭದ್ರವಾಗಿರುವವರೆಗೆ ಕಚೇರಿಯ ಯಂತ್ರ ಕೆಟ್ಟರೂ ಅವುಗಳಿಗೆ ಧಕ್ಕೆಯಿಲ್ಲ. ನಿಜವಾಗಿ ಅಪಾಯದಲ್ಲಿರುವುದು ಸ್ಥಳೀಯವಾಗಿ ಉಳಿಸಿದ ಕಡತಗಳು: ಗ್ರಾಮಸಭೆ ಹಾಗೂ ಸಾಮಾನ್ಯ ಸಭೆಯ ನಡಾವಳಿಗಳು, ಎಕ್ಸೆಲ್‌ನಲ್ಲಿ ಇಟ್ಟ ತೆರಿಗೆ ಬೇಡಿಕೆ ಮತ್ತು ವಸೂಲಾತಿ ಪಟ್ಟಿ, ಕಾಮಗಾರಿಗಳ ಅಂದಾಜು ಪಟ್ಟಿ ಮತ್ತು ಛಾಯಾಚಿತ್ರಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು. ಮನೆಗಾಗಿ ಅರ್ಜಿ ಸಲ್ಲಿಸಿದ ಬಡ ಕುಟುಂಬದ ದಾಖಲೆಯೂ ಇವುಗಳಲ್ಲಿ ಸೇರಿರುತ್ತದೆ. ಆ ಕುಟುಂಬವು ಮತ್ತೆ ತಾಲ್ಲೂಕು ಕೇಂದ್ರಕ್ಕೆ ಅಲೆಯುವಂತಾಗಬಾರದು.

ಮರುಪಡೆಯುವ ಪ್ರಯತ್ನವನ್ನು ಈ ಕ್ರಮದಲ್ಲಿ ನಡೆಸುವುದು ಸೂಕ್ತ. ಮೊದಲು ಬ್ಯಾಕಪ್ ಹಾರ್ಡ್‌ಡಿಸ್ಕ್. ನಂತರ ಇ-ಮೇಲ್ ಹಾಗೂ ವಾಟ್ಸಾಪ್ ಮೂಲಕ ಈಗಾಗಲೇ ಕಳುಹಿಸಿದ ಪ್ರತಿಗಳು. ತಾಲ್ಲೂಕು ಪಂಚಾಯತ್‌ಗೆ ಸಲ್ಲಿಸಿದ ಬಹಳಷ್ಟು ವರದಿಗಳು ಅಲ್ಲಿಯೇ ದೊರೆಯುತ್ತವೆ. ಮೂರನೆಯದು ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಿಂದಿನ ಆವೃತ್ತಿಗಳು. ಹೆಚ್ಚಿನ ರ‍್ಯಾನ್ಸಮ್‌ವೇರ್‌ಗಳು ಇವನ್ನು ಅಳಿಸುತ್ತವೆಯಾದರೂ ಕೆಲವೊಮ್ಮೆ ಆ ಪ್ರಯತ್ನ ವಿಫಲವಾಗುವುದುಂಟು.

ನಾಲ್ಕನೆಯದು ಉಚಿತ ಬಿಡಿಸುವ ಉಪಕರಣಗಳು. ನೆದರ್ಲೆಂಡ್ಸ್ ಪೊಲೀಸ್ ಮತ್ತು ಯೂರೋಪೋಲ್ ಸಂಸ್ಥೆಗಳು ಇಬ್ಬರು ಭದ್ರತಾ ತಂತ್ರಾಂಶ ತಯಾರಕರೊಂದಿಗೆ ಸೇರಿ 2016ರ ಜುಲೈನಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ಯೋಜನೆಯ ಜಾಲತಾಣದಲ್ಲಿ ಬೀಗ ಬಿದ್ದ ಕಡತದ ಮಾದರಿಯನ್ನೂ ಹಣ ಕೇಳುವ ಸೂಚನೆಯನ್ನೂ ಸಲ್ಲಿಸಿದರೆ, ದಾಳಿ ಮಾಡಿದ ತಂತ್ರಾಂಶ ಯಾವುದು ಮತ್ತು ಅದಕ್ಕೆ ಉಪಕರಣ ಇದೆಯೇ ಎಂಬುದು ತಿಳಿಯುತ್ತದೆ. ಮಾದರಿಗಾಗಿ ಸಾರ್ವಜನಿಕರ ಆಧಾರ್ ಅಥವಾ ಬ್ಯಾಂಕ್ ವಿವರವಿಲ್ಲದ ಕಡತವನ್ನೇ ಆರಿಸಿಕೊಳ್ಳತಕ್ಕದ್ದು.

ಉದಾಹರಣೆಗೆ, ಕದ್ದ ತಂತ್ರಾಂಶಗಳ ಜೊತೆಗೆ ಹರಡುವ ಸ್ಟಾಪ್ ಅಥವಾ ಡಿಜೆವಿಯು ಎಂಬ ಬಗೆಯನ್ನು ಗಮನಿಸಬಹುದು. ಇದು ತನ್ನ ಸರ್ವರನ್ನು ಸಂಪರ್ಕಿಸಲು ಸಾಧ್ಯವಾದರೆ ಪ್ರತಿ ಯಂತ್ರಕ್ಕೂ ಬೇರೆ ಕೀಲಿ ಬಳಸುತ್ತದೆ. ಸಂಪರ್ಕ ಸಿಗದಿದ್ದರೆ ಎಲ್ಲರಿಗೂ ಸಾಮಾನ್ಯವಾದ ಸಿದ್ಧ ಕೀಲಿಯನ್ನು ಬಳಸುತ್ತದೆ. ಆ ಸಾಮಾನ್ಯ ಕೀಲಿ ಪತ್ತೆಯಾದಾಗ ಅದರಿಂದ ಬೀಗ ಬಿದ್ದ ಎಲ್ಲರ ಕಡತಗಳನ್ನೂ ತೆರೆಯಬಹುದು. ಗುರುತಿನ ಸಂಖ್ಯೆಯು ಟಿ1 ಎಂದು ಕೊನೆಗೊಂಡಿದ್ದರೆ ಅದು ಸಾಮಾನ್ಯ ಕೀಲಿಯ ಸೂಚನೆ. ಇಂಟರ್ನೆಟ್ ಆಗಾಗ ಕಡಿತವಾಗುವ ಗ್ರಾಮಗಳಲ್ಲಿ ಈ ಸಾಧ್ಯತೆಯನ್ನು ಪರೀಕ್ಷಿಸದೆ ಬಿಡಬಾರದು. ಈ ತಂತ್ರಾಂಶವು ಕಡತದ ಮೊದಲ 150 ಕೆಬಿ ಭಾಗವನ್ನು ಮಾತ್ರ ಗೂಢಲಿಪಿಗೊಳಿಸುವುದರಿಂದ ದೊಡ್ಡ ವಿಡಿಯೊಗಳನ್ನು ಹಾಗೂ ಜಿಪ್ ಕಡತಗಳ ಒಳಗಿನ ಹಲವನ್ನು ದುರಸ್ತಿ ಮಾಡಲು ಸಾಧ್ಯ.

ಇಂದು ಉಪಕರಣ ಸಿಗದಿದ್ದರೂ ಬೀಗ ಬಿದ್ದ ಕಡತಗಳನ್ನು ಅಳಿಸಬಾರದು. 2020ರ ಏಪ್ರಿಲ್‌ನಲ್ಲಿ ಶೇಡ್ ಎಂಬ ರ‍್ಯಾನ್ಸಮ್‌ವೇರ್ ನಡೆಸುತ್ತಿದ್ದವರು ತಮ್ಮ ಕೃತ್ಯ ನಿಲ್ಲಿಸಿ ಏಳೂವರೆ ಲಕ್ಷಕ್ಕೂ ಹೆಚ್ಚು ಕೀಲಿಗಳನ್ನು ತಾವೇ ಪ್ರಕಟಿಸಿದರು. ಕಡತಗಳನ್ನು ಕಾಯ್ದಿಟ್ಟವರಿಗೆ ಅದರಿಂದ ಪ್ರಯೋಜನವಾಯಿತು.

ಹಣ ಕೊಡುವುದು ಸರಿಯೇ?

ಸರಿಯಲ್ಲ. ಹಣ ಪಡೆದವನು ಕೀಲಿ ಕೊಡುವನೆಂಬ ಖಾತ್ರಿ ಇಲ್ಲ. ಕೊಟ್ಟ ಹಣವು ಮುಂದಿನ ದಾಳಿಗೆ ಬಂಡವಾಳವಾಗುತ್ತದೆ. ಪಂಚಾಯತ್ ನಿಧಿಯಿಂದಾಗಲಿ, ಸಿಬ್ಬಂದಿಯ ಸ್ವಂತ ಹಣದಿಂದಾಗಲಿ ಗುಟ್ಟಾಗಿ ಪಾವತಿಸಿ ವಿಷಯ ಮುಚ್ಚಿಡುವುದು ನಷ್ಟವನ್ನು ಹೆಚ್ಚಿಸುತ್ತದೆ. ಯಾವುದೇ ಕಡತವನ್ನು ಖಚಿತವಾಗಿ ಬಿಡಿಸಿಕೊಡುವೆವು ಎನ್ನುವ ಮಧ್ಯವರ್ತಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸರಿಯಾಗಿ ರೂಪಿಸಿದ ಗೂಢಲಿಪಿಯನ್ನು ಕೀಲಿಯಿಲ್ಲದೆ ಬಿಡಿಸುವುದು ಇಂದಿನ ಗಣಕಯಂತ್ರಗಳಿಗೆ ಅಸಾಧ್ಯ. ಅಂತಹವರಲ್ಲಿ ಕೆಲವರು ಸುಲಿಗೆಕೋರರಿಗೇ ಹಣ ಕೊಟ್ಟು ಅದರ ಮೇಲೆ ತಮ್ಮ ಲಾಭವನ್ನು ಸೇರಿಸುತ್ತಾರೆ.

ಮುನ್ನೆಚ್ಚರಿಕೆಗಳು

ಪ್ರತಿ ಕಚೇರಿಯಲ್ಲಿ ಎರಡು ಹಾರ್ಡ್‌ಡಿಸ್ಕ್‌ಗಳನ್ನು ಇಟ್ಟುಕೊಂಡು ವಾರಕ್ಕೊಂದರಂತೆ ಸರದಿಯಲ್ಲಿ ಬ್ಯಾಕಪ್ ತೆಗೆದುಕೊಳ್ಳುವುದು ಒಳಿತು. ಪ್ರತಿ ತೆಗೆದ ಕೂಡಲೇ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿ ಭದ್ರಪಡಿಸಬೇಕು. ಸದಾ ಜೋಡಿಸಿಯೇ ಇರುವ ಡಿಸ್ಕ್ ದಾಳಿಯ ಸಮಯದಲ್ಲಿ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸತಕ್ಕದ್ದು. ತೆರೆದು ನೋಡದ ಬ್ಯಾಕಪನ್ನು ನಂಬುವಂತಿಲ್ಲ.

ಕದ್ದ ವಿಂಡೋಸ್, ಎಂಎಸ್ ಆಫೀಸ್ ಹಾಗೂ ಅವುಗಳನ್ನು ಸಕ್ರಿಯಗೊಳಿಸುವ ಕ್ರ್ಯಾಕ್ ತಂತ್ರಾಂಶಗಳನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿಯೂ ಸಾಮಾನ್ಯ ಬೆಂಬಲ ನಿಂತಿರುವುದನ್ನು ಗಮನಿಸಿ ಹಳೆಯ ಯಂತ್ರಗಳ ಬದಲಾವಣೆಗೆ ಪ್ರಸ್ತಾವನೆ ಸಲ್ಲಿಸುವುದು ಸೂಕ್ತ. ದೂರದಿಂದ ಯಂತ್ರ ನಿರ್ವಹಿಸುವ ಎನಿಡೆಸ್ಕ್‌ನಂತಹ ತಂತ್ರಾಂಶಗಳನ್ನು ದುರಸ್ತಿ ಮುಗಿದ ಕೂಡಲೇ ತೆಗೆದುಹಾಕಬೇಕು. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆಯ ಬದಲು ಸಾಮಾನ್ಯ ಬಳಕೆದಾರರ ಖಾತೆಯನ್ನು ಬಳಸಬೇಕು. ಸಾರ್ವಜನಿಕರು ಅರ್ಜಿಯೊಂದಿಗೆ ತರುವ ಪೆನ್‌ಡ್ರೈವ್‌ಗಳನ್ನು ತಪಾಸಣೆ ಮಾಡಿದ ನಂತರವೇ ತೆರೆಯಬೇಕು.

ದಾಳಿಯನ್ನು ಮೊದಲು ಕಾಣುವವರು ಸಾಮಾನ್ಯವಾಗಿ ಡಾಟಾ ಎಂಟ್ರಿ ಆಪರೇಟರ್‌ಗಳು. ತಮ್ಮ ಮೇಲೆ ಆರೋಪ ಬರುವುದೆಂಬ ಭಯದಿಂದ ಅವರು ಯಂತ್ರವನ್ನು ಆಫ್ ಮಾಡಿ ಸುಮ್ಮನಾದರೆ ಮೊದಲ ಗಂಟೆಯ ಅಮೂಲ್ಯ ಅವಕಾಶ ಕೈತಪ್ಪುತ್ತದೆ. ಕೂಡಲೇ ತಿಳಿಸಿದ ಸಿಬ್ಬಂದಿಯನ್ನು ಗದರಿಸದೆ, ತಿಳಿಸಿದುದನ್ನು ಕರ್ತವ್ಯಪಾಲನೆಯೆಂದು ಪರಿಗಣಿಸುವ ವಾತಾವರಣವನ್ನು ಕಚೇರಿಯ ಮುಖ್ಯಸ್ಥರು ನಿರ್ಮಿಸತಕ್ಕದ್ದು. ಮೇಲೆ ವಿವರಿಸಿದ ಮೊದಲ ಗಂಟೆಯ ಕ್ರಮಗಳನ್ನು ಒಂದು ಪುಟದಲ್ಲಿ ಮುದ್ರಿಸಿ ಗಣಕಯಂತ್ರದ ಬಳಿ ಗೋಡೆಗೆ ಅಂಟಿಸುವುದು ಉಪಯುಕ್ತ. ಗಣಕಯಂತ್ರ ಕೆಟ್ಟ ದಿನ ಅದರಲ್ಲಿರುವ ಪಿಡಿಎಫ್ ತೆರೆಯುವುದಿಲ್ಲ.