ರಿಪೇರಿ ಮಾಡದೆ ಬಿಟ್ಟ ಹುಡುಗ

1966ರ ಸುಮಾರು, ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರ. ಹದಿಮೂರೋ ಹದಿನಾಲ್ಕೋ ವಯಸ್ಸಿನ ರೀಡ್ ಗಜಾಲಾ ಎಂಬ ಹುಡುಗನ ಮೇಜಿನ ಡ್ರಾಯರಿನೊಳಗಿಂದ ವಿಚಿತ್ರ ಸದ್ದು ಬರತೊಡಗಿತು. ಎಳೆದು ನೋಡಿದರೆ, ಒಳಗಿದ್ದದ್ದು ಒಂಬತ್ತು ವೋಲ್ಟ್ ಬ್ಯಾಟರಿಯಿಂದ ನಡೆಯುವ ಅಂಗೈಯಗಲದ ಆಂಪ್ಲಿಫಯರ್. ಅದರ ಹಿಂದಿನ ಮುಚ್ಚಳ ಕಳಚಿತ್ತು, ಸ್ವಿಚ್ ಆರಿಸುವುದು ಮರೆತುಹೋಗಿತ್ತು. ಡ್ರಾಯರಿನಲ್ಲಿ ಬಿದ್ದಿದ್ದ ಯಾವುದೋ ಲೋಹದ ಸಾಮಾನು ಬರಿಮೈ ಸರ್ಕ್ಯೂಟಿಗೆ ತಾಗಿ ಶಾರ್ಟ್ ಆಗಿತ್ತು.

ಇಲ್ಲಿಯವರೆಗೆ ಇದರಲ್ಲಿ ವಿಶೇಷವೇನೂ ಇಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ ಎಷ್ಟು ಮನೆಗಳಲ್ಲಿ ಎಷ್ಟು ಯಂತ್ರಗಳು ಹೀಗೆ ಶಾರ್ಟ್ ಆಗಿ ಕಿರುಚಿದವೋ ಲೆಕ್ಕವಿಲ್ಲ. ನಾವೆಲ್ಲ ಏನು ಮಾಡುತ್ತೇವೆ? ಬ್ಯಾಟರಿ ಕೀಳುತ್ತೇವೆ, ಇಲ್ಲವೇ ಬೀದಿ ಕೊನೆಯ ರೇಡಿಯೊ ರಿಪೇರಿಯವನ ಬಳಿ ಒಯ್ಯುತ್ತೇವೆ. ಗಜಾಲಾ ಎರಡನ್ನೂ ಮಾಡಲಿಲ್ಲ. ತಾನಾಗಿ ಸದ್ದು ಮಾಡುವ ಕೆಲಸವೇ ಇಲ್ಲದ ಆಂಪ್ಲಿಫಯರ್, ಆಕಸ್ಮಿಕವಾಗಿ ಶಾರ್ಟ್ ಆಗಿದ್ದಕ್ಕೆ ಇಷ್ಟು ಹಾಡುತ್ತದೆ. ಹಾಗಿದ್ದರೆ ಸದ್ದು ಮಾಡಲೆಂದೇ ಹುಟ್ಟಿದ ಆಟಿಕೆಯನ್ನು, ಕೀಬೋರ್ಡನ್ನು ಬೇಕೆಂದೇ ಶಾರ್ಟ್ ಮಾಡಿದರೆ? ಇದು ಅವನಿಗೆ ಹೊಳೆದ ಪ್ರಶ್ನೆ. ಆವಿಷ್ಕಾರ ಎನ್ನುವುದಿದ್ದರೆ ಈ ಪ್ರಶ್ನೆಯೇ. ಡ್ರಾಯರಿನಲ್ಲಿ ನಡೆದದ್ದು ಬರೀ ಅಪಘಾತ.

ಆ ಕಾಲದಲ್ಲಿ ಎಲೆಕ್ಟ್ರಾನಿಕ್ ಸಂಗೀತ ಎಂದರೆ ದುಡ್ಡಿದ್ದವರ ಮಾತು. ರಾಬರ್ಟ್ ಮೂಗ್ ತನ್ನ ಸಿಂಥಸೈಜರನ್ನು ಜನರ ಮುಂದಿಟ್ಟದ್ದು 1964ರಲ್ಲಿ. ಅದರ ಬೆಲೆ ಸಾವಿರಾರು ಡಾಲರ್. ವಿಶ್ವವಿದ್ಯಾಲಯಗಳು, ದೊಡ್ಡ ಸ್ಟುಡಿಯೊಗಳು, ಕೆಲವು ಹೆಸರಾಂತ ಬ್ಯಾಂಡುಗಳು ಮಾತ್ರ ಕೊಳ್ಳಬಹುದಾದ ವಸ್ತು. ಡ್ರಾಯರಿನಿಂದ ಬಂದ ಸದ್ದು ಆ ಮಹಾಯಂತ್ರದ ಸದ್ದಿನ ಹಾಗೇ ಇತ್ತು ಎಂಬುದು ಹುಡುಗನಿಗೆ ತಕ್ಷಣ ಗೊತ್ತಾಯಿತು. ಅದನ್ನು ಕೊಳ್ಳುವ ಶಕ್ತಿ ತನಗಿಲ್ಲ ಎಂಬುದೂ ಗೊತ್ತಿತ್ತು. ಅವನು ತಾಗಿದ ಜಾಗಗಳಿಗೆ ವೈರು ಬೆಸೆದ, ಮಧ್ಯೆ ಸ್ವಿಚ್ಚು ಹಾಕಿದ, ಶಾರ್ಟ್ ಆಗುವುದನ್ನು ತನ್ನ ಕೈವಶ ಮಾಡಿಕೊಂಡ. ಕೆಲವು ಜಾಗಗಳಲ್ಲಿ ಬೆರಳಿಟ್ಟರೆ ಸಾಕು, ಸ್ವರ ಏರಿಳಿಯುತ್ತಿತ್ತು. ಕರೆಂಟು ಅವನ ಮೈಯ ಮೂಲಕವೇ ಹಾದುಹೋಗುತ್ತಿತ್ತು. ವಾದಕನೇ ಸರ್ಕ್ಯೂಟಿನ ಒಂದು ಬಿಡಿಭಾಗ.

ಸರ್ಕ್ಯೂಟನ್ನು ಹಿಂಸಿಸಿ ಸಂಗೀತ ಬರಿಸಿದವರಲ್ಲಿ ಅವನೇ ಮೊದಲಿಗನಲ್ಲ. ನ್ಯೂಯಾರ್ಕಿನ ಲೂಯಿ ಮತ್ತು ಬೆಬೆ ಬ್ಯಾರನ್ ದಂಪತಿ, 1948ರಲ್ಲಿ ಬಂದ ನಾರ್ಬರ್ಟ್ ವೀನರನ ಸೈಬರ್ನೆಟಿಕ್ಸ್ ಪುಸ್ತಕ ಓದಿ, ವಾಲ್ವ್ ಸರ್ಕ್ಯೂಟುಗಳನ್ನು ಕಟ್ಟಿ, ಅವು ಸುಟ್ಟುಹೋಗುವವರೆಗೆ ಓಡಿಸಿ, ಸಾಯುವ ಮುನ್ನ ಅವು ಹೊರಡಿಸಿದ ಸದ್ದನ್ನು ಟೇಪಿನಲ್ಲಿ ಹಿಡಿಯುತ್ತಿದ್ದರು. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ಹಿನ್ನೆಲೆ ಪೂರ್ತಿ ಹೀಗೆ ಹುಟ್ಟಿದ್ದು. ಸಂಗೀತಗಾರರ ಸಂಘದ ತಕರಾರಿಗೆ ಹೆದರಿ ಪರದೆಯ ಮೇಲೆ ಅದನ್ನು ‘ಸಂಗೀತ’ ಎಂದು ಹಾಕಲಿಲ್ಲ, ‘ಎಲೆಕ್ಟ್ರಾನಿಕ್ ನಾದಗಳು’ ಎಂಬರ್ಥದ ಬೇರೆ ಹೆಸರು ಕೊಟ್ಟರು. ಆದರೆ ಬ್ಯಾರನ್ ದಂಪತಿಗೆ ಸರ್ಕ್ಯೂಟ್ ಕಟ್ಟಲು ಬರುತ್ತಿತ್ತು. ಗಜಾಲಾನ ದಾರಿಗೆ ಆ ವಿದ್ಯೆಯೂ ಬೇಡ. ಯಾರೋ ಕಟ್ಟಿದ್ದನ್ನು ತೆರೆ, ಮುಟ್ಟು, ಕೇಳು. ಮುಂದೆ ಅವನು ತನ್ನ ವಿಧಾನವನ್ನು ಸಿದ್ಧಾಂತಕ್ಕೆ ವಿರುದ್ಧವಾದದ್ದು ಎಂದೇ ಹೇಳಿಕೊಂಡ.

ಅತ್ತ ನೆದರ್ಲೆಂಡ್ಸಿನಲ್ಲಿ ಮಿಶೆಲ್ ವೈಸ್ವಿಸ್ ಎಂಬ ತರುಣ ಇದೇ ಗುಟ್ಟನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ. ಅವನದೂ ಬೆರಳಿನ ವಿದ್ಯೆ: ಎಲೆಕ್ಟ್ರಾನಿಕ್ಸನ್ನು ಗುಂಡಿ ತಿರುಗಿಸಿ ನಡೆಸುವುದಕ್ಕಿಂತ ನೇರ ಮುಟ್ಟಿ ನುಡಿಸಬೇಕು ಎಂಬ ಹಟ. 1969ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾದ ಸ್ಟೈಮ್ ಎಂಬ ಸ್ಟುಡಿಯೊದಲ್ಲಿ, 1970ರ ದಶಕದ ಮಧ್ಯದಲ್ಲಿ, ಅವನ ‘ಕ್ರಾಕ್‌ಡೋಸ್’ ರೂಪುಗೊಂಡಿತು. ಮರದ ಪುಟ್ಟ ಪೆಟ್ಟಿಗೆ, ಒಳಗೊಂದು ಸ್ಪೀಕರ್, ಮೇಲೆ ಆರು ಲೋಹದ ಪಟ್ಟಿಗಳು. ಮುಟ್ಟದಿದ್ದರೆ ಮೌನ. ಎರಡು ಮೂರು ಪಟ್ಟಿಗಳಿಗೆ ಬೆರಳಿಟ್ಟರೆ ಬೈಯುತ್ತದೆ, ಅಳುತ್ತದೆ, ಗುಟುರು ಹಾಕುತ್ತದೆ. ಬೆವರಿದ ಕೈಗೆ ಒಂದು ದನಿ, ಒಣಗಿದ ಕೈಗೆ ಇನ್ನೊಂದು. ಇಬ್ಬರು ಕೈ ಕೈ ಹಿಡಿದು ಒಬ್ಬೊಬ್ಬರು ಒಂದೊಂದು ಪಟ್ಟಿ ಮುಟ್ಟಿದರೂ ನುಡಿಯುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಒಂದು ನಿಮಿಷದಲ್ಲಿ ನುಡಿಸುತ್ತಾರೆ. ಹತ್ತು ವರ್ಷ ಪಿಯಾನೊ ಕಲಿತವರೇ ಮೊದಲು ತಡವರಿಸುವುದು.

ಪಿಯಾನೊದ ಮಾತು ಬಂದಾಗ ಡೇವಿಡ್ ಟ್ಯೂಡರನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1952ರಲ್ಲಿ ಸಂಯೋಜಕ ಜಾನ್ ಕೇಜನ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡುಗಳ ಮೌನಕೃತಿಯನ್ನು ಮೊದಲು ‘ನುಡಿಸಿದ’ ಪಿಯಾನೊವಾದಕ ಈತ. ಆಮೇಲೆ ಪಿಯಾನೊ ಬಿಟ್ಟು ಬೆಸುಗೆ ಕಡ್ಡಿ ಹಿಡಿದ. 1969ರಲ್ಲಿ ಇದೇ ಟ್ಯೂಡರ್ ಅಹಮದಾಬಾದಿಗೆ ಬಂದು, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಕೂರಿಸಿ, ಅಲ್ಲಿನವರಿಗೆ ಅದನ್ನು ಕಲಿಸಿದ. ಕಲಿತವರಲ್ಲಿ ಕೇಜನಿಗೆ ಭಾರತೀಯ ಸಂಗೀತ ಪರಿಚಯಿಸಿದ್ದ ಗೀತಾ ಸಾರಾಭಾಯಿ ಇದ್ದರು, ಹಿಂದೂಸ್ತಾನಿ ಗಾಯಕ ಅತುಲ್ ದೇಸಾಯಿ ಇದ್ದರು, ಜಿನರಾಜ್ ಜೋಶಿಪುರ ಎಂಬ ಎಳೆ ವಯಸ್ಸಿನ ವಾಸ್ತುಶಿಲ್ಪ ವಿದ್ಯಾರ್ಥಿ ಇದ್ದರು. ಮೂರ್ನಾಲ್ಕು ವರ್ಷಗಳಲ್ಲಿ ಆ ಸ್ಟುಡಿಯೊ ನಿಂತಿತು. ಟೇಪುಗಳು ಸಂಸ್ಥೆಯಲ್ಲೇ ಉಳಿದು ದಶಕಗಳ ನಂತರ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಕಣ್ಣಿಗೆ ಬಿದ್ದವು. 2023ರಲ್ಲಿ ಅವುಗಳಿಂದ ಆಯ್ದ ಆಲ್ಬಂ ಹೊರಬಂತು. ಅದನ್ನು ಕೇಳುವಾಗೆಲ್ಲ ನನಗೆ ಬರುವ ಯೋಚನೆ ಒಂದೇ: ಕಲಿಯುವವರಿಗೆ ಕೊರತೆ ಇರಲಿಲ್ಲ, ಯಂತ್ರ ಒಂದೇ ಒಂದು ಇತ್ತು. ಅದು ನಿಂತ ದಿನ ಎಲ್ಲವೂ ನಿಂತಿತು.

1973ರ ಬೇಸಿಗೆಯಲ್ಲಿ ನ್ಯೂ ಹ್ಯಾಂಪ್‌ಷೈರಿನ ಚೊಕೊರುವಾ ಎಂಬ ಹಳ್ಳಿಯಲ್ಲಿ ಟ್ಯೂಡರ್ ನಡೆಸಿದ ಕಾರ್ಯಾಗಾರದ ರೀತಿಯೇ ಬೇರೆ. ದುಬಾರಿ ಯಂತ್ರ ಯಾವುದೂ ಇಲ್ಲ. ಬಂದ ತರುಣರು ಕೈಗೆ ಸಿಕ್ಕ ಹಳೆಯ ಸಾಮಾನುಗಳನ್ನು ದೊಡ್ಡ ಕೊಟ್ಟಿಗೆಯಂಥ ಕಟ್ಟಡದಲ್ಲಿ ನೇತುಹಾಕಿ, ಪ್ರತಿಯೊಂದಕ್ಕೂ ವಿದ್ಯುತ್ ಸಂಕೇತವನ್ನು ಅದುರಾಟವಾಗಿಸುವ ಒಂದು ಟ್ರಾನ್ಸ್‌ಡ್ಯೂಸರ್ ಅಂಟಿಸಿ, ಆ ಸಾಮಾನನ್ನೇ ಸ್ಪೀಕರ್ ಮಾಡಿದರು. ನೋಡಲು ಬಂದವರು ನಡುವೆ ಓಡಾಡುತ್ತ ಕಿವಿಗೊಟ್ಟು, ಕೈಯಿಟ್ಟು ಕೇಳಬಹುದಿತ್ತು. ‘ರೈನ್‌ಫಾರೆಸ್ಟ್ 4’ ಎಂಬ ಕೃತಿ ಹುಟ್ಟಿದ್ದು ಹೀಗೆ. ಪಾಠ ಕಲಿಯಲು ಬಂದವರೇ ಕೃತಿಯ ಕರ್ತೃಗಳೂ ಆದರು.

ಗಜಾಲಾ ಮಾತ್ರ ಇಪ್ಪತ್ತೈದು ವರ್ಷ ಹೆಚ್ಚುಕಡಿಮೆ ಒಬ್ಬನೇ ಇದ್ದ. ಆಟಿಕೆ ತರುವುದು, ತೆರೆಯುವುದು, ಹೊಸ ಡಬ್ಬಿಯೊಳಗೆ ಕೂರಿಸಿ ಚೆಂದದ ವಾದ್ಯ ಮಾಡುವುದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸಲೆಂದು ‘ಸ್ಪೀಕ್ ಅಂಡ್ ಸ್ಪೆಲ್’ ಎಂಬ ಮಾತಾಡುವ ಆಟಿಕೆ ಬಿಟ್ಟಿತು. ಒಂದೇ ಚಿಪ್ಪಿನಲ್ಲಿ ಮನುಷ್ಯನ ದನಿ ಕಟ್ಟಿದ ಮೊದಲ ಸಾಧನಗಳಲ್ಲಿ ಅದೊಂದು. ಗಜಾಲಾ ಅದನ್ನು ತೆರೆದು ‘ಇನ್‌ಕ್ಯಾಂಟರ್’ ಮಾಡಿದ. ಶಿಸ್ತಾಗಿ ಅಕ್ಷರ ಹೇಳುತ್ತಿದ್ದ ಆಟಿಕೆ ತೊದಲಿತು, ಒಂದೇ ಉಚ್ಚಾರವನ್ನು ಹಿಡಿದು ಎಳೆಯಿತು, ಯಾವ ಭಾಷೆಯದೂ ಅಲ್ಲದ ಮಂತ್ರ ಹೇಳಿತು. ಟಾಮ್ ವೇಟ್ಸ್, ಪೀಟರ್ ಗೇಬ್ರಿಯಲ್‌ರಂಥವರಿಗೂ ಅವನು ವಾದ್ಯ ಮಾಡಿಕೊಟ್ಟ. 1992ರಲ್ಲಿ ‘ಎಕ್ಸ್‌ಪೆರಿಮೆಂಟಲ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್’ ಎಂಬ ಸಣ್ಣ ಪತ್ರಿಕೆಯಲ್ಲಿ ಲೇಖನಮಾಲೆ ಶುರುಮಾಡಿ, ಇದಕ್ಕೆ ಸರ್ಕ್ಯೂಟ್ ಬೆಂಡಿಂಗ್ ಎಂದು ಹೆಸರಿಟ್ಟ. ಗುಟ್ಟು ಊರಿಗೆಲ್ಲ ಗೊತ್ತಾದದ್ದು ಆಗ.

ಬರೆದು ಕಲಿಸುವುದಕ್ಕೆ ಇಲ್ಲಿ ಒಂದು ತೊಡಕಿದೆ. ಒಂದೇ ಹೆಸರಿನ ಆಟಿಕೆಯ ಒಳಗಿನ ಬೋರ್ಡನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸುತ್ತದೆ. ಪುಸ್ತಕದ ಚಿತ್ರದಲ್ಲಿ ಇದ್ದ ಬಿಂದು ನಿಮ್ಮ ಕೈಯಲ್ಲಿರುವ ಆಟಿಕೆಯಲ್ಲಿ ಇರಲಾರದು. ಹಾಗಾಗಿ ಹೇಳಿಕೊಡಬಹುದಾದದ್ದು ನಕ್ಷೆಗಿಂತ ಹೆಚ್ಚಾಗಿ ಹುಡುಕುವ ರೀತಿ. ಅದನ್ನು ಪಕ್ಕದಲ್ಲಿ ಕೂತು ತೋರಿಸಬೇಕು. ಈ ವಿದ್ಯೆ ಕಾರ್ಯಾಗಾರಗಳಿಗೆ ಬಂದು ಸೇರಿದ್ದಕ್ಕೆ ಆದರ್ಶಕ್ಕಿಂತ ದೊಡ್ಡ ಕಾರಣ ಇದೇ ಎಂದು ನನ್ನ ಎಣಿಕೆ. 2004ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಬೆಂಟ್ ಉತ್ಸವದಲ್ಲಿ ಕಛೇರಿಗಳ ಜೊತೆ ಕಲಿಕೆಯ ಮೇಜುಗಳೂ ಇದ್ದವು. ಅದಕ್ಕೂ ಸ್ವಲ್ಪ ಮೊದಲು ಶಿಕಾಗೊ ಕಲಾಶಾಲೆಯಲ್ಲಿ, ಸಂಯೋಜಕ ಆಲ್ವಿನ್ ಲೂಸಿಯರನ ಶಿಷ್ಯ ನಿಕೊಲಸ್ ಕಾಲಿನ್ಸ್, ಎಲೆಕ್ಟ್ರಾನಿಕ್ಸ್ ಗಂಧಗಾಳಿ ಇಲ್ಲದ ಕಲಾ ವಿದ್ಯಾರ್ಥಿಗಳಿಗೆ ಇದನ್ನು ಪಾಠವಾಗಿ ಕಟ್ಟಿದ್ದ. ಆ ಪಾಠ 2006ರಲ್ಲಿ ಪುಸ್ತಕವಾಯಿತು, ಅವನು ದೇಶದೇಶ ಸುತ್ತಿ ಕಾರ್ಯಾಗಾರ ನಡೆಸಿದ.

ಇಂಥ ಕಾರ್ಯಾಗಾರದ ಮೊದಲ ಅರ್ಧ ಗಂಟೆ ಹೇಗಿರುತ್ತದೆ ಹೇಳುತ್ತೇನೆ. ಮೇಜಿನ ಮೇಲೆ ಹಳೆಯ ಪಾಕೆಟ್ ರೇಡಿಯೊ. ಸ್ಕ್ರೂ ಬಿಚ್ಚಿ ಬೋರ್ಡನ್ನು ಅಂಗಾತ ಮಲಗಿಸುತ್ತಾರೆ, ಬೆಸುಗೆಯ ಬೆಳ್ಳಿ ಚುಕ್ಕೆಗಳೆಲ್ಲ ಮೇಲಾಗುವಂತೆ. ಬ್ಯಾಟರಿ ಹಾಕಿ, ಎರಡು ಸ್ಟೇಷನ್ನುಗಳ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ, ಬೆರಳ ತುದಿ ಒದ್ದೆ ಮಾಡಿಕೊಂಡು ಚುಕ್ಕೆಗಳ ಮೇಲೆ ನಿಧಾನ ಸವರುತ್ತಾರೆ. ಬಹಳ ಹೊತ್ತು ಬರೀ ಗೊರಗೊರ. ಆಮೇಲೆ ಎರಡು ಬೆರಳು ಎಲ್ಲೋ ಸರಿಯಾದ ಜಾಗಕ್ಕೆ ಬಿದ್ದು ‘ಕುಂಯ್ಞ್’ ಎನ್ನುತ್ತದೆ. ಒತ್ತಿದರೆ ಸ್ವರ ಮೇಲೆ, ಸಡಿಲಿಸಿದರೆ ಕೆಳಗೆ. ಮುಟ್ಟಿದವರು ಗಾಬರಿಯಿಂದ ಕೈ ಕೀಳುತ್ತಾರೆ, ಮರುಗಳಿಗೆ ಅದೇ ಜಾಗ ಹುಡುಕತೊಡಗುತ್ತಾರೆ. ಕಲಿಸುವವರು ಅದಕ್ಕೂ ಮುಂಚೆ ಒಂದು ಮಾತನ್ನು ಮತ್ತೆ ಮತ್ತೆ ಹೇಳಿರುತ್ತಾರೆ: ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ಬಿಚ್ಚಬೇಡಿ. ಒಂಬತ್ತು ವೋಲ್ಟಿನ ಬ್ಯಾಟರಿ ಕಚಗುಳಿಯನ್ನೂ ಇಡುವುದಿಲ್ಲ, ಇನ್ನೂರಮೂವತ್ತು ವೋಲ್ಟ್ ಪ್ರಾಣ ತೆಗೆಯುತ್ತದೆ. ಇದೊಂದನ್ನು ಪಾಲಿಸಿದರೆ ಏನು ತಪ್ಪಾದರೂ ಸಾಯುವುದು ಆಟಿಕೆ ಮಾತ್ರ.

ಯಾರಿಗೂ ಮುನ್ನವೇ ಉತ್ತರ ಗೊತ್ತಿಲ್ಲದ ಕೋಣೆಯಲ್ಲಿ ಮೇಲುಕೀಳು ಬೇಗ ಕರಗುತ್ತದೆ. ಎಂಜಿನಿಯರಿಗೆ ಇಲ್ಲಿ ದೊಡ್ಡ ಅನುಕೂಲವೇನಿಲ್ಲ, ಕೆಲವೊಮ್ಮೆ ಅನನುಕೂಲವೇ. ಹಾಗೆ ಜೋಡಿಸಬಾರದು ಎಂಬ ಪಾಠ ಅವರ ಕೈ ಹಿಡಿದೆಳೆಯುತ್ತದೆ. ಸಂಗೀತ ತಂತ್ರಜ್ಞಾನದ ಕೋಣೆಗಳು ಬಹುಕಾಲ ಗಂಡಸರ ಅಡ್ಡೆಯಾಗಿದ್ದವು. ಆ ಗೋಡೆ ಒಡೆಯಲೆಂದೇ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಎಸ್1 ಎಂಬ ಕಲಾಕೇಂದ್ರದವರು ಸಿಂಥ್ ಲೈಬ್ರರಿ ತೆರೆದು, ಪುಸ್ತಕದ ಬದಲು ಸಿಂಥಸೈಜರುಗಳನ್ನು ಹೊಂದಿಸಿಟ್ಟು, ಮಹಿಳೆಯರಿಗೂ ಲಿಂಗ ಅಲ್ಪಸಂಖ್ಯಾತರಿಗೂ ಅಲ್ಲಿ ಮುಂದಿನ ಸಾಲು ಕೊಟ್ಟರು. ಬ್ರಿಟನ್ನಿನ ಡ್ರೇಕ್ ಮ್ಯೂಸಿಕ್ ಸಂಸ್ಥೆ ಅಂಗವಿಕಲ ಸಂಗೀತಗಾರರನ್ನೂ ವಾದ್ಯ ಕಟ್ಟುವವರನ್ನೂ ಒಂದೇ ಮೇಜಿಗೆ ಕೂರಿಸುತ್ತದೆ. ತಂತಿ ಮೀಟಲು ಬೆರಳಿನಲ್ಲಿ ಬಲ ಬೇಕು, ಕೊಳಲಿಗೆ ಉಸಿರು ಬೇಕು. ಬೆಳಕಿಗೆ ಸ್ಪಂದಿಸುವ ಒಂದು ರೆಸಿಸ್ಟರಿಗೆ ಮುಂಗೈ ನೆರಳು ಸಾಕು, ತಲೆ ಅಲ್ಲಾಡಿಸಿದರೂ ಸಾಕು. ವಾದ್ಯಕ್ಕೆ ದೇಹವನ್ನು ಒಗ್ಗಿಸುವ ಕಷ್ಟವನ್ನು ತಿರುಗಿಸಿ, ದೇಹಕ್ಕೆ ವಾದ್ಯವನ್ನು ಒಗ್ಗಿಸಬಹುದು.

ಇದೆಲ್ಲ ಸರಿ, ಆದರೆ ಒಂದು ಮಾತು ಮುಚ್ಚಿಡಬಾರದು. ಬೆಂಡ್ ಮಾಡಿದ ಆಟಿಕೆಗಳ ಕಛೇರಿ ಹತ್ತು ನಿಮಿಷ ಸೊಗಸು, ಅರ್ಧ ಗಂಟೆಗೆ ತಲೆನೋವು. ಸದ್ದು ಸಿಗುವುದು ಸುಲಭವಾದಷ್ಟೂ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಕಷ್ಟವಾಗುತ್ತದೆ. ಒಳ್ಳೆಯ ಕಾರ್ಯಾಗಾರಗಳಲ್ಲಿ ದಿನದ ಕೊನೆಗೆ ಒಬ್ಬರು ನುಡಿಸುವಾಗ ಉಳಿದವರು ಸುಮ್ಮನಿರಬೇಕು ಎಂಬ ನಿಯಮ ಇಡುತ್ತಾರೆ. ಬೆಸುಗೆಗಿಂತ ಆ ಪಾಠಕ್ಕೆ ಹೆಚ್ಚು ಹೊತ್ತು ಬೇಕು.

ಇನ್ನೊಂದು ಸಂಕಟ ಕಾರ್ಖಾನೆಯ ಕಡೆಯಿಂದ ಬಂತು. ಈಗಿನ ಆಟಿಕೆ ಬಿಚ್ಚಿದರೆ ಒಳಗೆ ಸಿಗುವುದು ಕರಿ ಅಂಟಿನ ಒಂದು ಬೊಟ್ಟು, ಅದರಡಿ ಎಲ್ಲವನ್ನೂ ನುಂಗಿದ ಒಂದೇ ಚಿಪ್ಪು. ಮುಟ್ಟಲು ಜಾಗವೇ ಇಲ್ಲ. ಹಳೆಯ ಸ್ಪೀಕ್ ಅಂಡ್ ಸ್ಪೆಲ್ ಸಂಗ್ರಾಹಕರ ಪಾಲಾಗಿದೆ. ಅದಕ್ಕೇ ಕಾಲಿನ್ಸ್‌ನಂಥವರ ಪಾಠದಲ್ಲಿ ಬಿಚ್ಚುವುದರ ಬೆನ್ನಿಗೇ ಕಟ್ಟುವುದೂ ಬರುತ್ತದೆ. ಕಟ್ಟಲು ಬೇಕಾದದ್ದು ಸಿಡಿ40106 ಎಂಬ ಐಸಿ, ಹದಿನಾಲ್ಕು ಕಾಲಿನದು, ಬಹಳ ಅಗ್ಗದ್ದು. ಒಳಗೆ ಆರು ಇನ್ವರ್ಟರುಗಳಿವೆ. ಪ್ರತಿಯೊಂದೂ ಒಳಬಂದದ್ದಕ್ಕೆ ವಿರುದ್ಧವಾದದ್ದನ್ನು ಹೊರಗೆ ಕೊಡುತ್ತದೆ. ಹೊರಬಾಗಿಲಿನಿಂದ ಒಳಬಾಗಿಲಿಗೆ ಒಂದು ರೆಸಿಸ್ಟರ್, ಒಳಬಾಗಿಲಿನಿಂದ ಗ್ರೌಂಡಿಗೆ, ಎಂದರೆ ಬ್ಯಾಟರಿಯ ಮೈನಸ್ ಕಡೆಗೆ, ಒಂದು ಕೆಪಾಸಿಟರ್, ಅಷ್ಟೇ. ಮನೆಯ ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ನೆನೆಸಿಕೊಳ್ಳಿ: ನೀರು ಕೆಳಗೆರೆಗಿಳಿದಾಗ ಮೋಟಾರು ಶುರು, ಮೇಲ್ಗೆರೆ ಮುಟ್ಟಿದಾಗ ಬಂದ್. ಕೆಪಾಸಿಟರ್ ತುಂಬುತ್ತದೆ, ಇನ್ವರ್ಟರ್ ಮಗುಚುತ್ತದೆ, ಕೆಪಾಸಿಟರ್ ಖಾಲಿಯಾಗುತ್ತದೆ, ಮತ್ತೆ ಮಗುಚುತ್ತದೆ. ಇದು ಸೆಕೆಂಡಿಗೆ ಕೆಲವು ನೂರು ಸಲ ನಡೆದರೆ ಕಿವಿಗೆ ಅದೊಂದು ಸ್ವರ. ರೆಸಿಸ್ಟರಿನ ಜಾಗದಲ್ಲಿ ಬೆರಳಿಡಿ, ಹಸಿ ಸೌತೆಕಾಯಿ ಚುಚ್ಚಿ, ಪೆನ್ಸಿಲ್ಲಿನಿಂದ ದಪ್ಪಗೆ ಬಳಿದ ಗೆರೆ ಇಡಿ, ಸ್ವರ ಬದಲಾಗುತ್ತದೆ. ಒಂದು ಚಿಪ್ಪಿನಲ್ಲಿ ಇಂಥ ಆರು.

ಬೆಂಗಳೂರಿನಲ್ಲಿ ಇಂಡಿಯನ್ ಸೋನಿಕ್ ರಿಸರ್ಚ್ ಆರ್ಗನೈಸೇಷನ್ ಎಂಬ ಬಳಗ ವಾದ್ಯ ಕಟ್ಟುವವರನ್ನೂ ಧ್ವನಿ ಕಲಾವಿದರನ್ನೂ ಕಲೆಹಾಕಿತ್ತು. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳು ಇಸ್ರೊ ಎಂದೇ ಆಗುವುದು ಅವರ ತುಂಟತನವಿರಬೇಕು. ಸಾಮಾನಿಗೆ ನಮ್ಮಲ್ಲಿ ಬರವಿಲ್ಲ. ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಯಲ್ಲಿ ಸಿಡಿ40106 ಕೇಳಿ, ಇಲ್ಲವೆಂದರೆ 74ಸಿ14 ಇದೆಯೇ ಎನ್ನಿ, ಎರಡರ ಕಾಲುಗಳೂ ಒಂದೇ ಕ್ರಮದವು. ಅಂಗಡಿಯವರು ಎರಡೂ ಒಂದೇ ಎಂದು 74ಎಚ್‌ಸಿ14 ಕೊಟ್ಟರೆ ತೆಗೆದುಕೊಳ್ಳಿ, ಅದೂ ಹಾಡುತ್ತದೆ. ಆದರೆ ಅದರ ಮಿತಿ 6 ವೋಲ್ಟ್; ಒಂಬತ್ತರ ಬ್ಯಾಟರಿ ಹಾಕದೆ ಮೂರು ಪೆನ್ ಸೆಲ್ ಸಾಲಾಗಿ ಜೋಡಿಸಿ.