ಕಲ್ಲಚ್ಚಿನ ಯಂತ್ರದ ಬಳಿ ಕೊತೆಲ್ ತಾತ

ಫ್ರೆಂಚ್ ಕಲಾವಿದ ತುಲೂಸ್-ಲೋತ್ರೆಕ್ 1893ರಲ್ಲಿ ರಚಿಸಿದ ಬಣ್ಣದ ಕಲ್ಲಚ್ಚಿನ ಚಿತ್ರವೊಂದರಲ್ಲಿ ಇಬ್ಬರಿದ್ದಾರೆ. ಆಗಷ್ಟೇ ಅಚ್ಚಾದ ಹಾಳೆಯನ್ನು ಹಿಡಿದು ನೋಡುತ್ತಿರುವಾಕೆ ಪ್ಯಾರಿಸ್ಸಿನ ಹೆಸರಾಂತ ನರ್ತಕಿ ಜೇನ್ ಅವ್ರಿಲ್. ಹಿಂದೆ, ತಲೆಗಂಟಿದ ಟೋಪಿ ಹಾಕಿಕೊಂಡು ಅಚ್ಚಿನ ಯಂತ್ರದಲ್ಲಿ ಮುಳುಗಿರುವ ಮುದುಕ ‘ಪೇರ್’ ಕೊತೆಲ್. ಕನ್ನಡದಲ್ಲಾದರೆ ಕೊತೆಲ್ ತಾತ ಎನ್ನಬಹುದು. ಫೋಬೂರ್ ಸೇನ್-ದೆನಿ ಬೀದಿಯ ಆಂಕೂರ್ ಮುದ್ರಣಾಲಯದಲ್ಲಿ ಆತ ಹಿರಿಯ ಕೆಲಸಗಾರ.

ನೋಡುವವರ ಕಣ್ಣು ಮೊದಲು ಹೋಗುವುದು ನರ್ತಕಿಯ ಕಡೆಗೇ. ಆದರೆ ಚಿತ್ರದ ತಿರುಳಿರುವುದು ಮುದುಕನಲ್ಲಿ. ಆತನಿಗೆ ಪಕ್ಕದಲ್ಲಿರುವ ತಾರೆಯ ಗೊಡವೆಯಿಲ್ಲ. ಗಮನವೆಲ್ಲ ಯಂತ್ರದ ಮೇಲೆ. ಲೋತ್ರೆಕ್ ತನ್ನ ಮೊದಲ ಕಲ್ಲಚ್ಚಿನ ಭಿತ್ತಿಪತ್ರ ಮಾಡಿದ್ದು 1891ರಲ್ಲಿ. ಕಸುಬಿನ ಒಳಗುಟ್ಟುಗಳನ್ನು ಅವನು ಕಲಿತದ್ದು ಕೊತೆಲ್‌ನಂಥವರ ಜೊತೆ ನಿಂತೇ. ಶ್ರೀಮಂತ ಮನೆತನದ ಕಲಾವಿದ ಕೂಲಿಯ ಕೆಲಸಗಾರನನ್ನು ತನ್ನ ಸಮಕ್ಕೆ ನಿಲ್ಲಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಕಲ್ಲಚ್ಚನ್ನು 1790ರ ದಶಕದ ಕೊನೆಗೆ ಕಂಡುಹಿಡಿದವನು ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ ಬರಹಗಾರ ಅವನು. ಕನ್ನಡಕ್ಕೂ ಈ ಕಲ್ಲಿನ ಋಣವಿದೆ: ಹರ್ಮನ್ ಮೊಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರು ಸಮಾಚಾರ’ ಪತ್ರಿಕೆ ಮೂಡಿದ್ದು ಕಲ್ಲಚ್ಚಿನಲ್ಲೇ.

ಎಣ್ಣೆಗೂ ನೀರಿಗೂ ಕೂಡಿಬರದು ಎಂಬುದೇ ಕಲ್ಲಚ್ಚಿನ ಮೂಲಸೂತ್ರ. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದಲೋ ಶಾಯಿಯಿಂದಲೋ ಚಿತ್ರ ಬರೆಯುತ್ತಾರೆ. ಲೋತ್ರೆಕ್ ಹಲ್ಲುಜ್ಜುವ ಬ್ರಷ್ಷನ್ನು ಶಾಯಿಯಲ್ಲಿ ಅದ್ದಿ, ಅದರ ಮೇಲೆ ಚಾಕು ಎಳೆದು, ಕಲ್ಲಿನ ಮೇಲೆ ತುಂತುರು ಹಾರಿಸುತ್ತಿದ್ದ. ಆಮೇಲೆ ಗೋಂದು ಮತ್ತು ಆಮ್ಲದ ಮಿಶ್ರಣ ಬಳಿದು ಚಿತ್ರವನ್ನು ಕಲ್ಲಿಗೆ ಕಚ್ಚಿಸುತ್ತಾರೆ. ಒದ್ದೆ ಕಲ್ಲಿನ ಮೇಲೆ ರೋಲರ್ ಉರುಳಿಸಿದರೆ ಶಾಯಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ. ನೀರು ಹೆಚ್ಚಾದರೆ ಗೆರೆ ತೆಳುವಾಗುತ್ತದೆ, ಶಾಯಿ ಹೆಚ್ಚಾದರೆ ಖಾಲಿ ಜಾಗವೂ ಕಪ್ಪಾಗುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಾಳೆ ಪ್ರತಿ ಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಕೂರಬೇಕು. ಕೊತೆಲ್‌ನಂಥವರ ಕೈ ಬೇಕಾಗುತ್ತಿದ್ದುದು ಇಲ್ಲಿ.

ಈ ಚಿತ್ರ ಆಂದ್ರೆ ಮಾರ್ತಿ ಹೊರತಂದ ‘ಲೆಸ್ತಾಂಪ್ ಒರಿಜಿನಾಲ್’ ಸಂಪುಟಮಾಲೆಯ ಮೊದಲ ಕಂತಿನ ಹೊದಿಕೆ. ಫೋಟೊ ತಂತ್ರದ ನಕಲುಗಳು ಪೇಟೆ ತುಂಬುತ್ತಿದ್ದಾಗ, ಕಲಾವಿದರೇ ರೂಪಿಸಿದ ಮುದ್ರಣಚಿತ್ರಗಳಿಗೆ ಮಾನ ತರುವುದು ಮಾರ್ತಿಯ ಉದ್ದೇಶ. ಒಂದು ಕಂತಿಗೆ ಅಚ್ಚಾಗುತ್ತಿದ್ದುದು 100 ಪ್ರತಿ. ಗೊಗ್ಯಾಂ, ರೆದೊಂ, ಬೊನ್ನಾರ್ ಮುಂತಾದವರು ಅದಕ್ಕೆ ಚಿತ್ರ ಕೊಟ್ಟರು. 1895ರಲ್ಲಿ ಮಾಲೆ ನಿಂತಿತು. ಕೊನೆಯ ಹೊದಿಕೆಯೂ ಲೋತ್ರೆಕ್‌ನದೇ.

ಮುದ್ರಣಚಿತ್ರದ ಕೆಳಗೆ ಸಹಿ ಹಾಕುವವನು ಕಲಾವಿದ. ಶಾಯಿ ಹಚ್ಚಿ ಯಂತ್ರ ತಿರುಗಿಸಿದವನ ಹೆಸರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಲೋತ್ರೆಕ್ ಮಾಡಿದ ಮುನ್ನೂರಕ್ಕೂ ಮಿಕ್ಕ ಕಲ್ಲಚ್ಚುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಅವನ ಹೆಸರಿನಲ್ಲೇ ಇವೆ. ಈ ಒಂದು ಹಾಳೆಯ ವಿವರಣೆಯನ್ನು ಬಿಟ್ಟರೆ ಕೊತೆಲ್‌ನ ಹೆಸರು ಕಣ್ಣಿಗೆ ಬೀಳುವುದೇ ಅಪರೂಪ.